ಎರಡು ಬೆರಳಷ್ಟು ಅನ್ನ

ಗಂಗಾವತಿಯಲ್ಲಿ ನಮ್ಮದು ಅಕ್ಕಿ ವ್ಯಾಪಾರ. ಅಪ್ಪನ ಕಾಲದಿಂದ ಬಂದದ್ದು. ಮುಂಜಾನೆ ಅಂಗಡಿ ಬಾಗಿಲು ತೆಗೆದರೆ ಮೊದಲ ಕೆಲಸ ಸ್ಯಾಂಪಲ್ ನೋಡುವುದು. ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹಾಕಿಕೊಂಡು, ಊದಿ, ಎರಡು ಕಾಳು ಹಲ್ಲಿಗೆ ಕೊಟ್ಟರೆ ಸಾಕು. ಹೊಸದೋ ಹಳೆಯದೋ, ನುಚ್ಚು ಎಷ್ಟಿದೆ, ತೇವ ಎಷ್ಟಿದೆ, ಎಲ್ಲ ಗೊತ್ತಾಗುತ್ತದೆ. ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇಷ್ಟಾದರೂ ಅನ್ನವನ್ನು ಹೊಸದಾಗಿ ನೋಡುವ ಹಾಗೆ ಮಾಡಿದ್ದು ಬೆಂಗಳೂರಿನ ಒಂದು ಜಪಾನಿ ಹೋಟೆಲ್. ಅಲ್ಲಿ ಉಂಡದ್ದನ್ನು, ಆಮೇಲೆ ಊರಿಗೆ ಬಂದು ನಾನೂ ನನ್ನ ಹೆಂಡತಿಯೂ ಎರಡು ತಿಂಗಳು ಅಡುಗೆಮನೆಯಲ್ಲಿ ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಆ ಊಟದ ಹೆಸರು. ಒಮಾಕಾಸೆ. ಜಪಾನಿ ಭಾಷೆಯಲ್ಲಿ ಇದರ ಅರ್ಥ ‘ನಿಮಗೇ ಬಿಟ್ಟಿದ್ದು’. ಮೆನು ಕಾರ್ಡ್ ಇರುವುದಿಲ್ಲ. ಶೆಫ್ ಎದುರಿಗೆ ಕೂರುತ್ತೀರಿ. ಅವತ್ತು ಯಾವ ಮೀನು ಚೆನ್ನಾಗಿ ಬಂದಿದೆ, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಖಾನಾವಳಿಯಲ್ಲೂ ಯಾರು ಮೆನು ಕೇಳುತ್ತಾರೆ? ಕೂತರೆ ರೊಟ್ಟಿ, ಎರಡು ಪಲ್ಯ, ಚಟ್ನಿಪುಡಿ, ಮೊಸರು ತಾವೇ ಬರುತ್ತವೆ. ಹಾಗಾಗಿ ಮಗ ಹೇಳಿದಾಗ ನನಗೆ ಅಂಥ ಹೊಸದೇನೂ ಅನ್ನಿಸಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ಅಲ್ಲಿ ಹೋಗಿ ಕೂತಮೇಲೆ.

ಅದಕ್ಕೂ ಮುಂಚೆ ಒಂದು ಕೆಟ್ಟ ಊಟ ಆಗಿತ್ತು. ಎರಡು ವರ್ಷದ ಹಿಂದೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ, ಗೆಳೆಯರೊಬ್ಬರು ಒಂದು ಮಾಲ್‌ನಲ್ಲಿದ್ದ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಬೋರ್ಡ್ ಮೇಲೆ ಒಮಾಕಾಸೆ ಅಂತ ದೊಡ್ಡದಾಗಿ ಬರೆದಿದ್ದರು. ಕರಿ ಕಲ್ಲಿನ ಉದ್ದ ತಟ್ಟೆಯಲ್ಲಿ ಹನ್ನೆರಡು ಸುಶಿ, ಅಂದರೆ ಒತ್ತಿದ ಅನ್ನದ ಮೇಲೆ ಮೀನು ಇಟ್ಟ ತುಂಡುಗಳನ್ನು ಒಂದೇ ಸಲಕ್ಕೆ ತಂದಿಟ್ಟರು. ಒಂದು ಬಾಯಿಗೆ ಹಾಕಿಕೊಂಡೆ. ಅನ್ನ ತಣ್ಣಗೆ, ಗಟ್ಟಿಯಾಗಿ, ಕಾಳು ಕಾಳಾಗಿ ಹಲ್ಲಿಗೆ ಸಿಕ್ಕಿತು. ಫ್ರಿಜ್‌ನಲ್ಲಿಟ್ಟ ಅನ್ನ ಅದು. ಅನ್ನ ಫ್ರಿಜ್ ಸೇರಿದರೆ ಅದರೊಳಗಿನ ಪಿಷ್ಟ ಬಿಗಿದುಕೊಳ್ಳುತ್ತದೆ, ಮೆತ್ತಗಿರುವುದು ಹೋಗಿ ಮರಳಿನ ಹಾಗಾಗುತ್ತದೆ. ಮೀನು ಹೇಗಿತ್ತೋ ನೆನಪಿಲ್ಲ, ಅನ್ನ ಮಾತ್ರ ನೆನಪಿದೆ. ಇದೇ ಜಪಾನಿ ಊಟ ಅಂದುಕೊಂಡು ಆ ವಿಷಯ ಅಲ್ಲಿಗೇ ಬಿಟ್ಟಿದ್ದೆ.

ಮಗನಿಗೆ ಇದನ್ನು ಹೇಳಿದಾಗ ಅವನು ಬೇಜಾರು ಮಾಡಿಕೊಂಡ. ಅವನು ಬೆಂಗಳೂರಿನಲ್ಲೇ ಕೆಲಸದಲ್ಲಿರುವವನು, ಆ ಊಟ ಅವನಿಗೆ ತುಂಬಾ ಇಷ್ಟ. ‘ಅಪ್ಪಾ, ಅದು ಒಮಾಕಾಸೆ ಅಲ್ರೀ. ನಿಮಗ ಖರೇದು ಉಣಿಸ್ತೀನಿ, ಅವ್ವನ್ನೂ ಕರ್ಕೊಂಡು ಬರ್ರಿ’ ಅಂದ. ತಲೆಗೆ 7,000 ರೂಪಾಯಿ, ಮೇಲೆ ತೆರಿಗೆ. ನನ್ನ ತಲೆಯಲ್ಲಿ ಲೆಕ್ಕ ತಾನಾಗೇ ನಡೆಯಿತು. 25 ಕೆಜಿಯ ನಾಲ್ಕೈದು ಚೀಲ ಸೋನಾ ಮಸೂರಿ, ಒಬ್ಬರ ಒಂದು ಊಟಕ್ಕೆ. ಬೇಡ ಅಂದೆ. ಅವನು ಆಗಲೇ ಅರ್ಧ ದುಡ್ಡು ಕಟ್ಟಿಬಿಟ್ಟಿದ್ದ. ಎರಡು ದಿನ ಮುಂಚೆ ಹೇಳದೆ ತಪ್ಪಿಸಿದರೆ ಆ ದುಡ್ಡು ವಾಪಸ್ ಇಲ್ಲ. ಮೊದಲು ಇದು ದಬ್ಬಾಳಿಕೆ ಅನ್ನಿಸಿತ್ತು. ಆಮೇಲೆ ಕಾರಣ ತಿಳಿಯಿತು. ಅಲ್ಲಿರುವುದು ಎಂಟೇ ಕುರ್ಚಿ. ಆ ಎಂಟು ಜನರಿಗೆ ಬೇಕಾದಷ್ಟೇ ಮೀನನ್ನು ಟೋಕಿಯೋದ ತೊಯೊಸು ಮಾರುಕಟ್ಟೆಯಿಂದ ವಿಮಾನದಲ್ಲಿ ತರಿಸುತ್ತಾರೆ. ಒಬ್ಬರು ಬರದಿದ್ದರೆ ಆ ಪಾಲು ಹಾಳು.

ಹೋಟೆಲಿನವರು ಫೋನ್ ಮಾಡಿ ಬಹಳ ಪ್ರಶ್ನೆ ಕೇಳಿದರು. ಏನು ತಿನ್ನುವುದಿಲ್ಲ, ಯಾವುದಾದರೂ ಮೈಗೆ ಒಗ್ಗುವುದಿಲ್ಲವಾ, ಏಳೂವರೆಗೆ ಸರಿಯಾಗಿ ಬರುತ್ತೀರಾ ಅಂತ. ನಾನು ಮೀನು ತಿನ್ನುತ್ತೇನೆ. ನನ್ನ ಹೆಂಡತಿ ಮೀನು, ಮೊಟ್ಟೆ ಏನೂ ಮುಟ್ಟುವುದಿಲ್ಲ. ಶಾಕಾಹಾರಿಗಳು ಇಲ್ಲಿ ಒಂದು ವಿಷಯ ಗಮನದಲ್ಲಿಡಬೇಕು. ಜಪಾನಿ ಅಡುಗೆಯಲ್ಲಿ ಬಹಳಷ್ಟರ ಅಡಿಯಲ್ಲಿ ದಾಶಿ ಅನ್ನುವ ತಿಳಿಸಾರು ಇರುತ್ತದೆ. ಅದನ್ನು ಸಾಮಾನ್ಯವಾಗಿ ಹೊಗೆ ಹಾಕಿ ಒಣಗಿಸಿದ ಮೀನಿನ ಚೂರಿನಿಂದ ತೆಗೆಯುತ್ತಾರೆ. ಹಾಗಾಗಿ ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಅದು ಶಾಕಾಹಾರ ಆಗಿರಬೇಕೆಂದಿಲ್ಲ. ಬರೀ ‘ವೆಜ್’ ಅಂದರೆ ಸಾಲದು, ದಾಶಿ ಯಾವುದರದ್ದು ಅಂತ ಬಾಯಿಬಿಟ್ಟು ಕೇಳಬೇಕು. ಮೂರು ದಿನ ಮುಂಚೆ ಹೇಳಿದ್ದಕ್ಕೆ ಇವಳಿಗೆಂದು ಕೊಂಬು ಅನ್ನುವ ಸಮುದ್ರದ ಸೊಪ್ಪು ಮತ್ತು ಒಣ ಶಿಟಾಕೆ ಅಣಬೆಯಿಂದ ಬೇರೆ ದಾಶಿ ಮಾಡಿಟ್ಟಿದ್ದರು.

ಕೊನೆಗೆ ಇನ್ನೊಂದು ಮಾತು ಹೇಳಿದರು. ಸೆಂಟ್ ಹಾಕಿಕೊಂಡು ಬರಬೇಡಿ ಅಂತ.

ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದೆವು. ಸಂಜೆ ಹೊರಡುವಾಗ ಇವಳು ಅಭ್ಯಾಸದಂತೆ ಮಲ್ಲಿಗೆ ದಂಡೆ ಮುಡಿದಿದ್ದಳು. ಹೋಟೆಲಿನ ಬಾಗಿಲ ಹತ್ತಿರ ಬಂದಾಗ ಅವಳಿಗೇ ನೆನಪಾಯಿತು. ದಂಡೆ ತೆಗೆದು ಕವರ್‌ನಲ್ಲಿ ಹಾಕಿ ಮಗನ ಕಾರಿನಲ್ಲಿಟ್ಟಳು. ‘ಹೂ ಬ್ಯಾಡ ಅಂತಾರಂದ್ರ, ಮೂಗಿಗೂ ಊಟ ಐತಿ ಅಂದಂಗಾತು’ ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಒಳಗೆ ಸದ್ದಿಲ್ಲ. ತಿಳಿ ಬಣ್ಣದ ಮರದ ಉದ್ದ ಕೌಂಟರ್, ಆಚೆ ಶೆಫ್. ಅವರು ಡಾರ್ಜಿಲಿಂಗ್ ಕಡೆಯವರು, ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದಾರಂತೆ. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಸ್ವಲ್ಪ ಮಾತಾಡುತ್ತಾರೆ ಕೂಡ. ಕೈ ಒರೆಸಿಕೊಳ್ಳಲು ಬಿಸಿ ಬಟ್ಟೆ ಕೊಟ್ಟರು. ಸಣ್ಣ ಬಟ್ಟಲಲ್ಲಿ ನಮಗೆ ಆವಿಯಲ್ಲಿ ಬೇಯಿಸಿದ ಮೊಟ್ಟೆಯ ಚವಾನ್‌ಮುಶಿ, ಇವಳಿಗೆ ಸೋಯಾ ಹಾಲಿನ ಮೆತ್ತನೆಯ ತೋಫು ಬಂತು. ಇವೆಲ್ಲ ಚೆನ್ನಾಗಿದ್ದವು. ನಾನು ಮಾತ್ರ ಶೆಫ್ ಪಕ್ಕದಲ್ಲಿದ್ದ, ಮುಚ್ಚಳ ಹಾಕಿದ ಮರದ ಡಬ್ಬಿಯನ್ನೇ ನೋಡುತ್ತಿದ್ದೆ. ಅದರಲ್ಲಿ ಅನ್ನ ಇತ್ತು.

ಅವರು ಮುಚ್ಚಳ ತೆಗೆದಾಗ ಹಬೆ ಬರಲಿಲ್ಲ. ಹಾಗಂತ ಅನ್ನ ತಣ್ಣಗೂ ಇರಲಿಲ್ಲ. ಬಲಗೈ ಒಳಗೆ ಹೋಗಿ ಒಂದಿಷ್ಟು ಅನ್ನ ಹಿಡಿದು ಬಂತು. ಎಡಗೈ ಬೆರಳುಗಳ ಮೇಲೆ ಬಿಳಿ ಮೀನಿನ ತೆಳು ತುಂಡು. ಅದಕ್ಕೆ ವಸಾಬಿ ಅನ್ನುವ ಖಾರದ ಹಸಿರು ಮುದ್ದೆ ಚೂರು ಸವರಿ, ಮೇಲೆ ಅನ್ನ ಇಟ್ಟು, ಎರಡು ಬೆರಳಿಂದ ಒತ್ತಿ, ತಿರುಗಿಸಿ, ಮತ್ತೆ ಒತ್ತಿದರು. ಐದಾರು ಸಲ ಕೈ ಆಡಿತು, ಅಷ್ಟೇ. ಬ್ರಷ್‌ನಿಂದ ಸೋಯಾ ಸಾಸ್ ಹಚ್ಚಿ ನನ್ನ ಮುಂದೆ ಇಟ್ಟರು. ಇಟ್ಟ ಕೂಡಲೇ ಅದು ಒಂದು ಕೂದಲೆಳೆಯಷ್ಟು ಕುಸಿದು ಕೂತಿತು. ಕಣ್ಣಿಗೆ ಕಾಣುವ ಹಾಗೆ. ಒಳಗೆ ಗಾಳಿ ಇದೆ, ಅದಕ್ಕೇ ಕುಸಿಯಿತು ಅಂತ ಹೊಳೆಯಿತು. ಕೈಯಿಂದಲೇ ತಿನ್ನಬಹುದು ಅಂದರು. ಎತ್ತಿದೆ. ಅನ್ನದ ತೂಕ ಹೆಚ್ಚೆಂದರೆ 15 ಗ್ರಾಂ. ಕೈಯಲ್ಲಿ ಉದುರಲಿಲ್ಲ. ನಾಲಿಗೆ ಮೇಲೆ ಇಟ್ಟ ತಕ್ಷಣ ಬಿಡಿಬಿಡಿಯಾಯಿತು. ಒಂದೊಂದು ಕಾಳೂ ಬೇರೆ. ಮೈಯ ಬಿಸಿಯಷ್ಟೇ ಬಿಸಿ. ಹುಳಿ ಇದೆ, ಉಪ್ಪಿದೆ, ಅನ್ನದ ಸಿಹಿಯೂ ಹಾಗೇ ಉಳಿದಿದೆ.

ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹದಿನಾಲ್ಕು ತುಂಡು ಬಂದವು. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ. ಹಗುರ ರುಚಿಯ ಬಿಳಿ ಮೀನಿಂದ ಶುರುವಾಗಿ, ಟ್ಯೂನಾದ ಕೆಂಪು ಭಾಗ, ಅದರ ಕೊಬ್ಬಿನ ಭಾಗ, ವಿನೆಗರ್‌ನಲ್ಲಿ ನೆನೆಸಿದ ಬಂಗುಡೆ ಜಾತಿಯ ಮೀನು, ಹೀಗೆ ರುಚಿ ಏರುತ್ತಾ ಹೋಗುತ್ತದೆ. ನಡುನಡುವೆ ಹುಳಿ ಹಾಕಿದ ಶುಂಠಿಯ ಎಸಳು ತಿಂದು ಬಾಯಿ ಹಸನು ಮಾಡಿಕೊಳ್ಳಬೇಕು. ಕೊನೆಗೆ ಮೊಟ್ಟೆಯ ಸಿಹಿ ತುಂಡು, ಹುದುಗಿಸಿದ ಸೋಯಾ ಮುದ್ದೆಯ ಮಿಸೋ ಸಾರು. ಹಸಿ ಮೀನು ಅಂತ ಇದ್ದ ಹಿಂಜರಿಕೆ ಎರಡನೇ ತುಂಡಿಗೇ ಹೋಯಿತು. ವಾಸನೆಯೇ ಇರಲಿಲ್ಲ.

ವಸಾಬಿ ಬಗ್ಗೆ ಮಾತ್ರ ಒಂದು ಮಾತು. ಒರಟು ಹಸಿರು ಗಡ್ಡೆಯೊಂದನ್ನು ಶಾರ್ಕ್ ಚರ್ಮ ಅಂಟಿಸಿದ ಪುಟ್ಟ ಹಲಗೆ ಮೇಲೆ ನಮ್ಮೆದುರೇ ತೇಯ್ದರು, ಗಂಧ ತೇಯ್ದ ಹಾಗೆ. ತೇಯ್ದು ಹದಿನೈದು ನಿಮಿಷಕ್ಕೆಲ್ಲ ಅದರ ಘಮ ಇಳಿಯುತ್ತದಂತೆ. ಬೇರೆ ಕಡೆ ಕೊಡುವ ಹಸಿರು ಮುದ್ದೆ ಹೆಚ್ಚಾಗಿ ಬೇರೊಂದು ಖಾರದ ಬೇರಿಗೆ ಬಣ್ಣ ಹಾಕಿದ್ದು. ವಸಾಬಿ ನಮ್ಮ ಸಾಸಿವೆಯ ಬಳಗಕ್ಕೇ ಸೇರಿದ ಗಿಡ. ಅದಕ್ಕೇ ಖಾರ ನಾಲಿಗೆಯಲ್ಲಿ ನಿಲ್ಲದೆ ಮೂಗಿಗೆ ಏರುತ್ತದೆ.

ಇವಳ ಊಟ ಇನ್ನೂ ಚೆನ್ನಾಗಿತ್ತು ಅಂತಲೇ ನನ್ನ ಅನಿಸಿಕೆ. ಸುಟ್ಟ ಬದನೆ, ಶಿಟಾಕೆ ಅಣಬೆ, ಬೆಣ್ಣೆಹಣ್ಣು ಒಂದೊಂದೇ ಬಂದವು. ಒಂದು ತುಂಡು ಇಟ್ಟಾಗ ಅವಳ ಮುಖ ಅರಳಿಬಿಟ್ಟಿತು. ‘ಬೆಂಡಿಕಾಯಿ ನೋಡ್ರೀ!’ ಅಂದಳು. ಎಳೆ ಬೆಂಡೆಕಾಯಿಯನ್ನು ಕುದಿನೀರಲ್ಲಿ ಅದ್ದಿ ತೆಗೆದು, ಸೀಳಿ, ಅನ್ನದ ಮೇಲೆ ಮಲಗಿಸಿದ್ದರು. ಜಪಾನಿನಲ್ಲೂ ಬೆಂಡೆಕಾಯಿ ತಿನ್ನುತ್ತಾರೆ, ಅಲ್ಲಿ ಅದಕ್ಕೆ ಒಕುರಾ ಅನ್ನುತ್ತಾರೆ ಅಂತ ಶೆಫ್ ಹೇಳಿದರು.

ಇನ್ನೊಂದನ್ನು ನಾನು ಐದನೇ ತುಂಡಿನ ಹೊತ್ತಿಗೆ ಗಮನಿಸಿದೆ. ನನ್ನ ಹೆಂಡತಿ ಹುಟ್ಟು ಎಡಗೈಯವಳು. ಚಿಕ್ಕಂದಿನಲ್ಲಿ ಬೈಸಿಕೊಂಡು, ಹೊಡೆತ ತಿಂದು, ಬಲಗೈಯಲ್ಲಿ ಉಣ್ಣುವುದು ಕಲಿತವಳು. ಅವತ್ತು ಊಟದ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯಬೇಕಾದಾಗ ಅವಳಿಗೇ ತಿಳಿಯದೆ ಎಡಗೈಯಲ್ಲಿ ಹಿಡಿದಿದ್ದಾಳೆ. ನನ್ನ ಮುಂದೆ ಇಡುವ ತುಂಡು ಒಂದು ಕಡೆ ಓರೆ ಇರುತ್ತಿತ್ತು, ಅವಳ ಮುಂದೆ ಇಡುವುದು ಇನ್ನೊಂದು ಕಡೆ ಓರೆ. ಎಡಗೈಗೆ ಸರಿಯಾಗಿ ಸಿಗುವ ಹಾಗೆ. ಎರಡನೇ ತುಂಡಿನಿಂದಲೇ ಹಾಗೆ ಇಡುತ್ತಿದ್ದರು ಅಂತ ಆಮೇಲೆ ಮಗ ಹೇಳಿದ. ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಖಾನಾವಳಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆಗ. ಅಲ್ಲಿ ಎಲ್ಲರಿಗೂ ಒಂದೇ ಊಟ. ಇಲ್ಲಿ ಬಡಿಸುವವರು ಒಬ್ಬೊಬ್ಬರನ್ನೂ ಬೇರೆ ಬೇರೆ ನೋಡುತ್ತಿದ್ದಾರೆ.

ಊಟ ಮುಗಿಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. ‘ಅಕ್ಕಿ ಯಾವುದು?’

ಶೆಫ್ ಕೈ ನಿಲ್ಲಿಸಿ ನನ್ನನ್ನು ನೋಡಿದರು. ‘ಎಲ್ಲರೂ ಮೀನು ಕೇಳ್ತಾರೆ ಸರ್. ನಿಮ್ದು ಅಕ್ಕಿ ಬಿಸಿನೆಸ್ಸಾ?’ ಅಂದರು. ಗಂಗಾವತಿ ಅಂದೆ. ಅವರಿಗೆ ಊರು ಗೊತ್ತಿರಲಿಲ್ಲ, ಸೋನಾ ಮಸೂರಿ ಚೆನ್ನಾಗಿ ಗೊತ್ತಿತ್ತು. ಒಳಗಿಂದ ಒಂದು ತಟ್ಟೆಯಲ್ಲಿ ಹಸಿ ಅಕ್ಕಿ ತಂದು ಕೈಗೆ ಸುರಿದರು. ಗಿಡ್ಡ ಕಾಳು, ಉರುಟು, ಮುತ್ತಿನ ಹಾಗೆ. ಎರಡು ಕಾಳು ಹಲ್ಲಿಗೆ ಕೊಟ್ಟೆ. ಒಂದು ಮೆತ್ತಗೆ ಮುರಿಯಿತು, ಇನ್ನೊಂದು ಟಕ್ ಅಂತು. ‘ಎರಡು ಥರ ಬೆರೆಸಿದ್ದೀರಿ, ಹೊಸದು, ಹಳೆಯದು’ ಅಂದೆ. ಅವರು ಜೋರಾಗಿ ನಕ್ಕು ಕೈ ಮುಗಿದರು. ಹೊಸ ಅಕ್ಕಿಯಲ್ಲಿ ನೀರಿನಂಶ ಜಾಸ್ತಿ, ವಿನೆಗರ್ ಎಳೆದುಕೊಳ್ಳುವುದಿಲ್ಲ, ಮುದ್ದೆಯಾಗುತ್ತದೆ. ಬರೀ ಹಳೆಯದಾದರೆ ಅಂಟು ಸಾಲದು. ಅದಕ್ಕೆ ಸುಶಿ ಮಾಡುವವರು ಎರಡನ್ನೂ ಹದ ನೋಡಿ ಬೆರೆಸುತ್ತಾರಂತೆ. ನಮ್ಮಲ್ಲಿ ಗಿರಾಕಿಗೆ ‘ಒಂದು ವರ್ಷದ ಹಳೇ ಅಕ್ಕಿ’ ಅಂತ ಹೆಮ್ಮೆಯಿಂದ ಹೇಳಿ ಮಾರುತ್ತೇವಲ್ಲ, ಅದೇ ಮಾತನ್ನು ಅಷ್ಟು ದೂರದ ಅಡುಗೆಯ ಬಾಯಲ್ಲಿ ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಇನ್ನೂ ಒಂದು ಕಥೆ ಹೇಳಿದರು. ಹಿಂದೆ ಮೀನು ಕೆಡದಿರಲಿ ಅಂತ ಅದನ್ನು ಅನ್ನದಲ್ಲಿ ಹೂತು ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಅನ್ನ ಹುಳಿ ಬಂದು ಮೀನನ್ನು ಕಾಯುತ್ತಿತ್ತು. ಆಮೇಲೆ ಮೀನು ತಿಂದು ಅನ್ನ ಎಸೆಯುತ್ತಿದ್ದರು. ಬೀವಾ ಸರೋವರದ ಕಡೆ ಈಗಲೂ ಆ ಥರದ್ದು ಮಾಡುತ್ತಾರೆ. ಕ್ರಮೇಣ ಅನ್ನವನ್ನೂ ತಿನ್ನತೊಡಗಿದರು. ಹುಳಿ ಬರಲು ಕಾಯುವ ಬದಲು ವಿನೆಗರ್ ಹಾಕಿದರು. 1820ರ ದಶಕದ ಹೊತ್ತಿಗೆ ಎದೋ ಅಂದರೆ ಇವತ್ತಿನ ಟೋಕಿಯೋದ ಬೀದಿ ಅಂಗಡಿಗಳಲ್ಲಿ ಕೈಯಿಂದ ಒತ್ತಿ ಕೊಡುವ ಸುಶಿ ಬಂತು. ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ತಿಂಡಿ ಅದು. ಎಸೆಯುತ್ತಿದ್ದ ಅನ್ನವೇ ಈಗ ಆ ಊಟದ ಜೀವ.

ಊರಿಗೆ ಬಂದೆವು. ಆ ಅನ್ನ ತಲೆಯಿಂದ ಹೋಗಲಿಲ್ಲ. ನಮ್ಮ ಅಕ್ಕಿಯಲ್ಲಿ ಇದು ಆಗುತ್ತದಾ ಅಂತ ನೋಡಬೇಕು ಅನ್ನಿಸಿತು. ಸೋನಾ ಮಸೂರಿಯ ಹುಟ್ಟಿನ ಬಗ್ಗೆ ಓದಿದೆ. ಅದು ಸೋನಾ ಮತ್ತು ಮಹಸೂರಿ ತಳಿಗಳನ್ನು ಕೂಡಿಸಿ ಮಾಡಿದ್ದು, ಅಷ್ಟು ನನಗೂ ಗೊತ್ತಿತ್ತು. ಆ ಮಹಸೂರಿ 1965ರಲ್ಲಿ ಮಲೇಷ್ಯಾದಲ್ಲಿ ಬಿಡುಗಡೆಯಾದ ತಳಿ. ಅದರ ಒಂದು ಕಡೆಯ ಮೂಲ ಮಲಯದ ಭತ್ತ, ಇನ್ನೊಂದು ಕಡೆಯದು ತಾಯ್‌ಚುಂಗ್ 65. ಈ ತಾಯ್‌ಚುಂಗ್ 65 ತೈವಾನ್ ಜಪಾನಿನ ಆಳ್ವಿಕೆಯಲ್ಲಿದ್ದಾಗ ಬಂದದ್ದು, ಜಪಾನಿ ಜಾತಿಯ ಭತ್ತ! ಓದಿ ಅಂಗಡಿಯಲ್ಲೇ ಎದ್ದು ನಿಂತುಬಿಟ್ಟೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ನಮ್ಮ ಹೊಲದಲ್ಲಿ ಬೆಳೆಯುವ ಭತ್ತದಲ್ಲಿ ಆ ಗಿಡ್ಡ ಕಾಳಿನ ರಕ್ತ ಇದೆ. ಚೀಲಗಟ್ಟಲೆ ಮಾರಿದ್ದೇನೆ, ಇದು ಮಾತ್ರ ಗೊತ್ತಿರಲಿಲ್ಲ.

ರಕ್ತ ಇದ್ದ ಮಾತ್ರಕ್ಕೆ ಗುಣ ಬರಬೇಕಲ್ಲ. ಹಳೆಯ ಸೋನಾ ಬೇಯಿಸಿ ಒತ್ತಿದೆ, ಬೆರಳ ಸಂದಿಯಿಂದ ಉದುರಿತು. ಹೊಸ ಸುಗ್ಗಿಯದನ್ನು ಹೆಚ್ಚು ನೀರು ಹಾಕಿ ಬೇಯಿಸಿದೆ. ಅಂಟಿತು, ಕಾಳು ಮಾತ್ರ ಒಡೆದು ಹಿಟ್ಟಾಯಿತು. ಅಂಟಬೇಕು, ಆದರೆ ಕಾಳು ಕಾಳಾಗಿ ಉಳಿಯಬೇಕು. ಇದಕ್ಕೆ ಕಾರಣ ಪಿಷ್ಟದಲ್ಲಿದೆ. ಅಮೈಲೋಸ್ ಅನ್ನುವ ಅಂಶ ಜಾಸ್ತಿ ಇದ್ದರೆ ಅನ್ನ ಉದುರುದುರು, ಕಡಿಮೆ ಇದ್ದರೆ ಅಂಟು. ಸೋನಾದಲ್ಲಿ ಅದು ಜಾಸ್ತಿ. ಚಿತ್ರಾನ್ನಕ್ಕೆ, ಪುಳಿಯೋಗರೆಗೆ ಅದಕ್ಕೇ ಸೋನಾ ಅಷ್ಟು ಹೊಂದುತ್ತದೆ. ಅದರ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಆನ್‌ಲೈನ್‌ನಲ್ಲಿ ಎರಡು ಕೆಜಿ ಜಪಾನಿ ಅಕ್ಕಿ ತರಿಸಿದೆ.

ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಸೋಸಿ, ಹೆಚ್ಚುಕಡಿಮೆ ಅಕ್ಕಿಯಷ್ಟೇ ನೀರು ಹಾಕಿ ಬೇಯಿಸಬೇಕು. ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು. ಅರ್ಧ ಕೆಜಿ ಅಕ್ಕಿಗೆ 60 ಮಿಲಿಗಿಂತ ತುಸು ಹೆಚ್ಚು ಅಕ್ಕಿಯ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದೂವರೆ ಚಿಕ್ಕ ಚಮಚ ಉಪ್ಪು ಕರಗಿಸಿಟ್ಟುಕೊಂಡೆ. ಅವರು ಅನ್ನ ಹರಡಲು ಅಗಲ ಮರದ ತೊಟ್ಟಿ ಬಳಸುತ್ತಾರೆ. ನಮ್ಮಲ್ಲಿ ರೊಟ್ಟಿ ಹಿಟ್ಟು ನಾದುವ ಹಳೆಯ ಮರದ ತಟ್ಟೆ ಇತ್ತು, ಅವ್ವನ ಕಾಲದ್ದು. ಬಿಸಿ ಅನ್ನ ಅದರಲ್ಲಿ ಸುರಿದು, ವಿನೆಗರ್ ಚಿಮುಕಿಸಿ, ಕಟ್ಟಿಗೆ ಸವಟಿನಿಂದ ಕಲಸದೆ, ಕೊಯ್ದ ಹಾಗೆ ಅಡ್ಡಡ್ಡ ಆಡಿಸಬೇಕು. ನಾನು ಸವಟು ಆಡಿಸಿದೆ, ಇವಳು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸಿದಳು. ಬೀಸಿದಂತೆ ಕಾಳಿನ ಮೇಲೆ ಹೊಳಪು ಬರುತ್ತದೆ. ಆ ಹೊಳಪು ಏರುವುದನ್ನು ನೋಡುವುದೇ ಚೆಂದ. ಆಮೇಲೆ ಒದ್ದೆ ಬಟ್ಟೆ ಮುಚ್ಚಿ ಇಡಬೇಕು. ಫ್ರಿಜ್ ಹತ್ತಿರವೂ ಒಯ್ಯಬಾರದು.

ಮೇಲಿಡಲು ಏನು? ನದಿ ಮೀನು ನಮ್ಮಲ್ಲಿ ಸಿಗುತ್ತದೆ. ಅದನ್ನು ಹಸಿಯಾಗಿ ಖಂಡಿತ ಇಡಬಾರದು. ಹೊಳೆ, ಕೆರೆ ಮೀನಿನಲ್ಲಿ ಮನುಷ್ಯನಿಗೆ ಅಂಟುವ ಹುಳು ಇರುತ್ತವೆ. ಹಸಿಯಾಗಿ ತಿನ್ನುವ ಸಮುದ್ರದ ಮೀನನ್ನೂ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟು ಹುಳು ಸಾಯಿಸುವ ಕ್ರಮ ಇದೆ. ಮನೆಯಲ್ಲಿ ಈ ಪ್ರಯೋಗ ಯಾರೂ ಮಾಡಬೇಡಿ. ನಾವು ಬದನೆಕಾಯಿ ಹಿಡಿದೆವು. ಉದ್ದ ಬದನೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಸೀಳಿ, ಸೋಯಾ ಸಾಸ್ ಸವರಿದೆವು. ಜೊತೆಗೆ ಬೆಂಡೆಕಾಯಿ.

ಕಷ್ಟ ಇದ್ದದ್ದು ಒತ್ತುವುದರಲ್ಲಿ. ನನ್ನ ಹೆಂಡತಿ ಶೇಂಗಾ ಉಂಡಿ ಕಟ್ಟುವುದರಲ್ಲಿ ನಮ್ಮ ಓಣಿಗೇ ಹೆಸರು. ಅವಳು ಒತ್ತಿದ ಅನ್ನವೂ ಉಂಡಿಯಾಯಿತು, ಬಾಯಲ್ಲಿ ಬಿಚ್ಚಿಕೊಳ್ಳಲೇ ಇಲ್ಲ. ನಾನು ಹೆದರಿ ಹಗುರ ಒತ್ತಿದರೆ ಎತ್ತುವಾಗಲೇ ಮುರಿಯುತ್ತಿತ್ತು. ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಅದರಲ್ಲಿ ಕೈ ಅದ್ದಿಕೊಂಡರೆ ಅನ್ನ ಕೈಗೆ ಅಂಟುವುದಿಲ್ಲ ಅಂತ ಮೂರನೇ ವಾರ ಕಲಿತೆವು. ನೀರು ಹೆಚ್ಚಾದರೆ ಅನ್ನ ತೋಯುತ್ತದೆ ಅಂತ ನಾಲ್ಕನೇ ವಾರ. ಪ್ರತಿ ಭಾನುವಾರ ಸಂಜೆ ಇದೇ ಕೆಲಸ. ಮಗ ಫೋನ್ ಮಾಡಿದರೆ ‘ಇವತ್ತ ಹೆಂಗಾತು?’ ಅಂತ ಮೊದಲು ಅದನ್ನೇ ಕೇಳುತ್ತಿದ್ದ.

ಎಂಟನೇ ಭಾನುವಾರ ಒಂದು ತುಂಡು ನನ್ನ ಕೈಯಲ್ಲಿ ಸರಿಯಾಗಿ ಕೂತಿತು. ಒತ್ತುವಾಗಲೇ ಗೊತ್ತಾಯಿತು. ಸ್ಟೀಲ್ ತಟ್ಟೆಯಲ್ಲಿ ಇಟ್ಟೆ, ಎಡಕ್ಕೆ ಓರೆಯಾಗಿ. ಅದು ಕೂದಲೆಳೆಯಷ್ಟು ಕುಸಿಯಿತು. ಇವಳು ಒಂದು ಕ್ಷಣ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಮ್ಮ ಅಡುಗೆಮನೆಯಲ್ಲಿ, ನಾನು ಕಂಡ ಹಾಗೆ ಮೊದಲ ಸಲ, ಎಡಗೈಯಿಂದ ತುತ್ತು ಎತ್ತಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು.

‘ಬಿಚ್ಚಿಕೊಂತು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅನ್ನ ಇನ್ನೊಂದೀಟು ಬೆಚ್ಚಗ ಇರಬೇಕಿತ್ತು ನೋಡ್ರಿ.’

ಒದ್ದೆ ಬಟ್ಟೆ ಸರಿಸಿ ಕೈಯಿಟ್ಟು ನೋಡಿದೆ. ಹೌದು, ಆರಿತ್ತು. ಅಕ್ಕಿ ಇನ್ನೂ ಒಂದು ಲೋಟ ಉಳಿದಿತ್ತು. ತೊಳೆಯಲು ಎದ್ದೆ.